ಓನರ್ ಬೆಂಜ್ ಕಾರಿಗೆ ಸ್ಕ್ರ್ಯಾಚ್ ಬಿದ್ದಿದೆ, ಸಿಸಿಟಿವಿಯಲ್ಲಿ ಒಂದು ಹುಡುಗಿ ಕಾಣುತ್ತಾಳೆ. ನಾನು ಏನು ಮಾಡಲಿ?

ಪಾವಗಡದ ಡ್ರೈವರ್ (ಪ್ರಶ್ನೆ, ಏಪ್ರಿಲ್ 2024)

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ 11 ವರ್ಷದಿಂದ ಮನೆ ಡ್ರೈವರ್ ಕೆಲಸ ಮಾಡುತ್ತಿದ್ದೇನೆ. ಊರು ಪಾವಗಡ ತಾಲ್ಲೂಕು. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ ಸಲಹೆ ಕೊಡಿ.

ಮೊದಲು ಓನರ್ ಹತ್ತಿರ ಇನ್ನೋವಾ ಇತ್ತು. ಅದನ್ನು ಎಂಟು ವರ್ಷ ಓಡಿಸಿದೆ. ಯಾರೂ ತಿರುಗಿ ನೋಡಿದ್ದಿಲ್ಲ. ಮೂರು ವರ್ಷದ ಹಿಂದೆ ಕಪ್ಪು ಬೆಂಜ್ ಬಂತು. ಅವತ್ತಿನಿಂದ ರಸ್ತೆಯೇ ಬೇರೆ ಥರ ಆಗಿದೆ. ಸಿಗ್ನಲ್‌ನಲ್ಲಿ ನಾನು ಸರಿಯಾದ ಲೇನ್‌ನಲ್ಲಿ ನಿಂತಿದ್ದರೂ "ನಿಮ್ಮಪ್ಪನ ರೋಡಾ?" ಎನ್ನುತ್ತಾರೆ. ಬೈಕಿನವರು ಹೋಗುತ್ತಾ ಮಿರರ್‌ಗೆ ಒಂದು ಏಟು ಕೊಟ್ಟು ಹೋಗುತ್ತಾರೆ. ಗಾಜು ಇಳಿಸಿದ ಮೇಲೆ ಬಿಳಿ ಯೂನಿಫಾರಂ ನೋಡಿ ಕೆಲವರು ಸುಮ್ಮನಾಗುತ್ತಾರೆ. ಕೆಲವರು ಆಗುವುದಿಲ್ಲ.

ಈ ಬೇಸಿಗೆಯಲ್ಲಂತೂ ಜಾಸ್ತಿ ಆಗಿದೆ. ಓನರ್ ಮನೆ ವೈಟ್‌ಫೀಲ್ಡ್ ಕಡೆ ಒಂದು ವಿಲ್ಲಾ ಲೇಔಟ್‌ನಲ್ಲಿದೆ. ಮಾರ್ಚ್‌ನಲ್ಲಿ ಜಲಮಂಡಳಿ ಆದೇಶ ಬಂತಲ್ಲ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ. ಅವತ್ತಿನಿಂದ ನಾನು ಪೈಪ್ ಕೈಯಲ್ಲಿ ಹಿಡಿದಿಲ್ಲ. ಲೇಔಟ್‌ನ ಎಸ್‌ಟಿಪಿ ನೀರು (ಕೊಳಚೆ ನೀರನ್ನೇ ಶುದ್ಧ ಮಾಡಿದ್ದು) ಅರ್ಧ ಬಕೆಟ್, ಎರಡು ಬಟ್ಟೆ. ಅಷ್ಟರಲ್ಲೇ ಒರೆಸುತ್ತೇನೆ. ಆದರೂ ಗೇಟಿನ ಆಚೆಯಿಂದ ಯಾರೋ ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿದರು. "ಜನಕ್ಕೆ ಕುಡಿಯೋಕೆ ನೀರಿಲ್ಲ, ಇವರಿಗೆ ಕಾರು ತೊಳೆಯೋ ಶೋಕಿ" ಎಂದು ಕೆಳಗೆ ಬರೆದಿದ್ದರು. ಫೋಟೋದಲ್ಲಿ ಓನರ್ ಇಲ್ಲ, ನಾನಿದ್ದೇನೆ. ಅದು ಸುತ್ತಿ ಸುತ್ತಿ ನಮ್ಮ ಬೀದಿಯ ಗ್ರೂಪಿಗೂ ಬಂತು. ನನ್ನ ಮಗ ನೋಡಿ "ಅಪ್ಪ, ಇದು ನೀನೇ ಅಲ್ವಾ?" ಎಂದ. ನಾವು ಬಾಡಿಗೆಗಿರುವ ಮನೆಗೆ ಅವತ್ತಿಗೆ ನೀರು ಬಂದು ನಾಲ್ಕು ದಿನ ಆಗಿತ್ತು.

ಈಗ ವಿಷಯಕ್ಕೆ ಬರುತ್ತೇನೆ. ಏಪ್ರಿಲ್ ಮೊದಲ ವಾರ. ಓನರ್ ಮಗಳ ಮದುವೆ ಹತ್ತಿರ ಬಂದಿದೆ. ಮೇಡಂ ಮದುವೆ ಕಾರ್ಡು ಕೊಡಲು ರಾಮಮೂರ್ತಿನಗರ ಕಡೆ ನೆಂಟರ ಮನೆಗೆ ಹೋದರು. ಸಣ್ಣ ರಸ್ತೆ. ಅಲ್ಲೇ ಶುದ್ಧ ನೀರಿನ ಘಟಕ, ಐದು ರೂಪಾಯಿ ಕಾಯಿನ್ ಹಾಕಿದರೆ ಒಂದು ಕ್ಯಾನ್ ತುಂಬುವಂಥದ್ದು. ಒಬ್ಬರಿಗೆ ಒಂದೇ ಕ್ಯಾನ್ ಎಂದು ರಟ್ಟಿನ ಮೇಲೆ ಬರೆದು ತೂಗುಹಾಕಿದ್ದರು. ಖಾಲಿ ಕ್ಯಾನ್‌ಗಳ ಸಾಲು ರಸ್ತೆ ತಿರುವಿನ ತನಕ ಇತ್ತು. ಗೋಡೆ ಪಕ್ಕ ಕಾರು ನಿಲ್ಲಿಸಿದೆ, ಮೇಡಂ ಒಳಗೆ ಹೋದರು. ನಾನು ಟೀ ಕುಡಿದು ಬಂದೆ. ಇಪ್ಪತ್ತೈದು ನಿಮಿಷ. ಬಂದು ನೋಡಿದರೆ ಎಡಗಡೆಯ ಎರಡೂ ಡೋರಿಗೆ ಗೀರು. ಹ್ಯಾಂಡಲ್‌ನಿಂದ ಒಂದು ಗೇಣು ಕೆಳಗೆ, ಮುಂದಿನ ಡೋರಿನಿಂದ ಹಿಂದಿನ ಡೋರಿನ ತನಕ.

ಸರ್ವಿಸ್ ಸೆಂಟರಿನಲ್ಲಿ 38,000 ಎಂದರು. ಓನರ್ ಹೇಳಿದ್ದು ಇಷ್ಟು: "ಯಾರು ಮಾಡಿದ್ದು ಅಂತ ಪತ್ತೆ ಮಾಡು. ಇಲ್ಲಾಂದ್ರೆ ತಿಂಗಳಿಗೆ 5,000 ನಿನ್ನ ಸಂಬಳದಲ್ಲಿ ಹಿಡೀತೀನಿ." ನನ್ನ ಸಂಬಳ 24,000. ಬಾಡಿಗೆಯೇ 8,500.

ಎದುರಿಗೆ ಒಂದು ಮೆಡಿಕಲ್ ಶಾಪ್ ಇದೆ. ಅವರ ಕ್ಯಾಮೆರಾದಲ್ಲಿ ನಮ್ಮ ಕಾರು ಬಿದ್ದಿದೆ. ಅಂಗಡಿಯವರು ಒಳ್ಳೆಯವರು, ತೋರಿಸಿದರು. ಸ್ಕೂಲ್ ಯೂನಿಫಾರಂ ಹಾಕಿದ ಒಂದು ಹುಡುಗಿ, ಹದಿನೈದು ವರ್ಷ ಇರಬಹುದು, ತುಂಬಿದ ಕ್ಯಾನ್ ಹೆಗಲ ಮೇಲೆ ಇಟ್ಟುಕೊಂಡು ಕಾರಿಗೂ ಗೋಡೆಗೂ ನಡುವೆ ಹೋಗುತ್ತಾಳೆ. ಆ ಸಂದಿಯಲ್ಲಿ ಹೋದವರು ಅವಳೊಬ್ಬಳೇ. ಕೈ ಮಾತ್ರ ಕಾಣುವುದಿಲ್ಲ, ಕಾರು ಅಡ್ಡ ಇದೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯುತ್ತಿದ್ದ ವಾರ ಅದು. ರೆಕಾರ್ಡಿಂಗ್ 15 ದಿನ ಇರುತ್ತದೆ, ಆಮೇಲೆ ಅಳಿಸಿಹೋಗುತ್ತದೆ ಎಂದು ಅಂಗಡಿಯವರು ಹೇಳಿದ್ದಾರೆ. ಓನರ್‌ಗೆ ನಾನು ಇನ್ನೂ ಇದನ್ನು ಹೇಳಿಲ್ಲ.

ಇನ್ನೊಂದು ಮಾತು. ನನಗೂ ಸಿಟ್ಟು ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಹೋದ ವರ್ಷ ನಮ್ಮ ನಾಲ್ಕು ಎಕರೆ ಕಡ್ಲೆಕಾಯಿ ಗಿಡದಲ್ಲೇ ಒಣಗಿತು. ರಾಜ್ಯದಲ್ಲಿ 223 ತಾಲ್ಲೂಕು ಬರ ಎಂದು ಘೋಷಣೆ ಆಯಿತಲ್ಲ, ಅದರಲ್ಲಿ ನಮ್ಮದೂ ಒಂದು. ಅಪ್ಪನ ಖಾತೆಗೆ ಮೊದಲ ಕಂತು ಎಂದು 2,000 ಬಂತು. ಅದೇ ವಾರ ನಾನು ಈ ಕಾರಿಗೆ ಫುಲ್ ಟ್ಯಾಂಕ್ ಪೆಟ್ರೋಲ್ ಹಾಕಿಸಿದೆ. ಆರು ಸಾವಿರದ ಮೇಲಾಯಿತು. ಬಿಲ್ ಕೈಯಲ್ಲಿ ಹಿಡಿದು ಬಂಕ್‌ನಲ್ಲಿ ಸ್ವಲ್ಪ ಹೊತ್ತು ಸುಮ್ನೆ ನಿಂತುಬಿಟ್ಟೆ.

ಸಂಬಳದಲ್ಲಿ ಹೀಗೆ ಹಿಡಿಯಬಹುದಾ? ಬೇರೆ ದಾರಿ ಇದೆಯಾ? ಆ ರೆಕಾರ್ಡಿಂಗ್ ಓನರ್‌ಗೆ ತೋರಿಸಲಾ, ಬೇಡವಾ? ನಾನು ತೋರಿಸದಿದ್ದರೆ 38,000 ನನ್ನ ತಲೆಗೆ ಬರುತ್ತದೆ.

---

ವಿಲ್ಸನ್ ಗಾರ್ಡನ್ ಟಿಂಕರ್

ಅಣ್ಣ, ನಾನು ಟಿಂಕರಿಂಗ್ ಪೇಂಟಿಂಗ್ ಕೆಲಸದಲ್ಲಿ 26 ವರ್ಷದಿಂದ ಇದ್ದೇನೆ. ಮೊದಲು ಕಾರಿನ ಮಾತು ಮುಗಿಸೋಣ.

ಗೀರಿನ ಮೇಲೆ ಅಡ್ಡಕ್ಕೆ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಳ್ಳದಿದ್ದರೆ ಮೇಲಿನ ಕ್ಲಿಯರ್ ಕೋಟ್‌ಗೆ ಮಾತ್ರ ಪೆಟ್ಟಾಗಿದೆ. ಕಾಂಪೌಂಡ್ ಹಾಕಿ ರಬ್ಬಿಂಗ್ ಪಾಲಿಶ್ ಮಾಡಿದರೆ ಹೋಗುತ್ತದೆ. ಸಿಕ್ಕಿಕೊಂಡರೆ ಬಣ್ಣದ ತನಕ ಇಳಿದಿದೆ, ಆ ಡೋರು ಪೇಂಟ್ ಮಾಡಲೇಬೇಕು. ಬೂದು ಅಥವಾ ಬಿಳಿ ಕಾಣುತ್ತಿದ್ದರೆ ಪ್ರೈಮರ್ ಬಂದಿದೆ ಅಂತ ಅರ್ಥ. ಕಪ್ಪು ಕಾರಿನಲ್ಲಿ ಕೂದಲೆಳೆಯಷ್ಟು ಗೀರೂ ದೊಡ್ಡದಾಗಿ ಕಾಣುತ್ತದೆ, ಅದಕ್ಕೆ ಹೆದರಬೇಡಿ. ಹಗಲು ಬೆಳಕಿನಲ್ಲಿ ಓರೆಯಾಗಿ ನಿಂತು ಫೋಟೋ ತೆಗೆದು ಇಲ್ಲಿ ಹಾಕಿ.

ಎರಡನೆಯದು ಇನ್ಶೂರೆನ್ಸ್. ಫುಲ್ ಇನ್ಶೂರೆನ್ಸ್ ಇದ್ದರೆ ಬೇರೆಯವರು ಬೇಕಂತಲೇ ಮಾಡಿದ ಹಾಳಿಗೂ ಕ್ಲೈಮ್ ಸಿಗುತ್ತದೆ. 1500 ಸಿಸಿ ದಾಟಿದ ಕಾರಿಗೆ ಓನರ್ ಕೈಯಿಂದ ಕಟ್ಟಲೇಬೇಕಾದ್ದು 2,000, ಅದನ್ನು ಕಳೆದು ಮಿಕ್ಕಿದ್ದಕ್ಕೆ ಲೆಕ್ಕ ಹಾಕುತ್ತಾರೆ. ಆದರೆ ಒಂದು ಸಲ ಕ್ಲೈಮ್ ಮಾಡಿದರೆ ನೋ ಕ್ಲೇಮ್ ಬೋನಸ್ (ಎನ್‌ಸಿಬಿ), ಅಂದರೆ ಕ್ಲೈಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಹೋಗುತ್ತದೆ. ಅದು ಮೊದಲ ವರ್ಷ 20 ಪರ್ಸೆಂಟಿನಿಂದ ಶುರುವಾಗಿ 50ರ ತನಕ ಏರುತ್ತದೆ. ಬೆಂಜ್ ಥರದ ಕಾರಿಗೆ ಆ ಬೋನಸ್ಸೇ ದೊಡ್ಡ ಮೊತ್ತ. ಕ್ಲೈಮ್ ಮಾಡಿ ಬೋನಸ್ ಕಳೆದುಕೊಳ್ಳುವುದಕ್ಕಿಂತ ಡ್ರೈವರ್ ಸಂಬಳದಲ್ಲಿ ಹಿಡಿಯುವುದು ಸುಲಭ ಎಂದು ಲೆಕ್ಕ ಹಾಕುವ ಓನರ್‌ಗಳನ್ನು ನಾನು ನೋಡಿದ್ದೇನೆ. ಪಾಲಿಸಿಯಲ್ಲಿ ಎನ್‌ಸಿಬಿ ಪ್ರೊಟೆಕ್ಟ್ ಎನ್ನುವ ಆಡ್ ಆನ್ ಇದೆಯಾ ನೋಡಿ ಎಂದು ನೀವೇ ಕೇಳಿ. ಇದ್ದರೆ ಬೋನಸ್ ಉಳಿಯುತ್ತದೆ.

ಹೊರಗಡೆ ನಿಲ್ಲಿಸಿದ ಕಾರಿಗೆ ಯಾರೋ ಮಾಡಿದ್ದಕ್ಕೆ ನೀವು 38,000 ಕಟ್ಟುವುದು ನ್ಯಾಯವಲ್ಲ. ಆ ಮಾತನ್ನು ಮರ್ಯಾದೆಯಿಂದಲೇ ಹೇಳಿ, ಆದರೆ ಹೇಳದೆ ಇರಬೇಡಿ.

ಇನ್ನೊಂದು ವಿಷಯ. ದೊಡ್ಡ ಕಾರಿಗೆ ಕೀ ಗೀರು ಹಾಕಿಸಿಕೊಂಡು ಬರುವವರು ನನ್ನ ಶೆಡ್‌ಗೆ ಮಾಮೂಲಾಗಿ ತಿಂಗಳಿಗೆ ಒಬ್ಬರೋ ಇಬ್ಬರೋ ಇರುತ್ತಾರೆ. 2020ರಲ್ಲಿ ಲಾಕ್‌ಡೌನ್ ತೆಗೆದ ಮೇಲೆ ಎರಡು ತಿಂಗಳು ಸಾಲಾಗಿ ಬಂದರು. ಈ ಮಾರ್ಚ್‌ನಲ್ಲಿ ಮತ್ತೆ ಆರು ಕಾರು ಬಂದವು. ತಂದವರು ಆರೂ ಜನ ಡ್ರೈವರ್‌ಗಳೇ.

---

ಹೈಸ್ಕೂಲ್ ಟೀಚರ್

ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಆ ವಾರ ನಾನೂ ಪರೀಕ್ಷೆ ಡ್ಯೂಟಿಯಲ್ಲಿದ್ದೆ. ಈ ವರ್ಷ ಪರೀಕ್ಷಾ ಕೊಠಡಿಗೂ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಮಕ್ಕಳು ತಲೆ ಎತ್ತಲೂ ಹೆದರುತ್ತಿದ್ದರು. ಅಂಥ ಒಂದು ಮಗು ಪರೀಕ್ಷೆ ಮುಗಿಸಿ ಮನೆಗೆ ಹೋಗಿ ಪುಸ್ತಕ ಹಿಡಿಯುವ ಬದಲು ನೀರಿನ ಸಾಲಿನಲ್ಲಿ ನಿಂತಿದೆ. ಇಪ್ಪತ್ತು ಲೀಟರಿನ ಕ್ಯಾನ್ ಎಂದರೆ ಇಪ್ಪತ್ತು ಕೆಜಿ. ನಿಮ್ಮ ಬರಹ ಓದುವಾಗ ನನಗೆ ಮೊದಲು ಕಂಡದ್ದು ಆ ಹೆಗಲು.

ತಮ್ಮ, ನನ್ನದೇ ಒಂದು ತಪ್ಪು ಹೇಳುತ್ತೇನೆ. ನಮ್ಮ ಬೋರ್‌ವೆಲ್ ಫೆಬ್ರವರಿಯಲ್ಲೇ ಬತ್ತಿತು. ಟ್ಯಾಂಕರ್ ರೇಟು ದಿನಕ್ಕೊಂದು. ಮಾರ್ಚ್‌ನಲ್ಲಿ ಜಿಲ್ಲಾಡಳಿತ ದರ ಗೊತ್ತುಮಾಡಿತು, ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600, 12,000 ಲೀಟರಿಗೆ 1,000. ಆ ದರ ಬಂದ ಮೇಲೆ ನಮಗೆ ನೀರು ತರುತ್ತಿದ್ದವನು ಫೋನ್ ಎತ್ತುವುದನ್ನೇ ಬಿಟ್ಟ. ಒಂದು ಬೆಳಿಗ್ಗೆ ಎರಡು ಬಿಂದಿಗೆ ನೀರಿಗೆ ಮೂರು ಬೀದಿ ಅಲೆದು ಬರುತ್ತಿದ್ದೆ. ಎದುರು ಮನೆಯ ಮುಂದೆ ದೊಡ್ಡ ಬಿಳಿ ಕಾರು, ಪೈಪ್ ಹಿಡಿದು ಒಬ್ಬ ಹುಡುಗ. ನೀರು ಮೋರಿಗೆ ಹರಿಯುತ್ತಿತ್ತು. ನನಗೆ ಏನಾಯಿತೋ ಗೊತ್ತಿಲ್ಲ, ಬೀದಿಯೆಲ್ಲ ಕೇಳುವ ಹಾಗೆ ಕೂಗಿದೆ. "ನಾಚಿಕೆ ಆಗಲ್ವಾ ನಿನಗೆ?" ಎಂದೆ. ಹುಡುಗ ನಲ್ಲಿ ನಿಲ್ಲಿಸಿ ತಲೆ ಬಗ್ಗಿಸಿ ನಿಂತ. ಮನೆಯವರು ಯಾರೂ ಹೊರಗೆ ಬರಲಿಲ್ಲ. ಕಿಟಕಿ ಪರದೆ ಸ್ವಲ್ಪ ಸರಿಯಿತು, ಮತ್ತೆ ಮುಚ್ಚಿತು.

ಆಮೇಲೆ ವಿಚಾರಿಸಿದೆ. ಅವನು ಲಿಂಗಸುಗೂರು ಕಡೆಯವನು. ಬೆಳಿಗ್ಗೆ ಐದರಿಂದ ಒಂಬತ್ತು ಕಾರು ತೊಳೆಯುತ್ತಾನೆ, ಕಾರಿಗೆ ತಿಂಗಳಿಗೆ 600. ಪೈಪಿನಲ್ಲಿ ತೊಳೆಯಬೇಡ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಆ ಮನೆಯವರಿಗೆ ನಾನು ಇವತ್ತಿಗೂ ಒಂದು ಮಾತು ಕೇಳಿಲ್ಲ. ಕೇಳಬೇಕಾದ್ದು ಅವರನ್ನೇ. ಗೇಟಿನ ಬೆಲ್ ಒತ್ತಲು ನನಗೆ ಧೈರ್ಯ ಬರಲಿಲ್ಲ, ಆ ಹುಡುಗನ ಮೇಲೆ ಕೂಗಲು ಬಂತು. ಇದನ್ನು ನೆನೆದಾಗಲೆಲ್ಲ ನೋವಾಗುತ್ತದೆ.

ನನ್ನ ಸಿಟ್ಟು ತಪ್ಪಲ್ಲ. ಮೂರು ದಿನದಲ್ಲಿ 22 ಮನೆಯವರಿಂದ 1.1 ಲಕ್ಷ ದಂಡ ವಸೂಲಿ ಮಾಡಿದರು ಎಂದು ಪೇಪರ್‌ನಲ್ಲಿ ಓದಿದಾಗ ಸರಿಯಾಯಿತು ಎಂದೇ ಅನಿಸಿತು. ಕುಡಿಯುವ ನೀರು ಮೋರಿಗೆ ಹೋಗುವುದನ್ನು ನೋಡಿ ಸುಮ್ಮನಿರಲು ನನ್ನಿಂದ ಆಗುವುದಿಲ್ಲ.

ರೆಕಾರ್ಡಿಂಗ್ ಬಗ್ಗೆ ಹೇಳುತ್ತೇನೆ. ಕೈ ಕಾಣದಿದ್ದರೆ ಅದು ಸಾಕ್ಷಿಯೇ ಅಲ್ಲ. ಒಂದು ಮಗು ನಡೆದು ಹೋದದ್ದಕ್ಕೆ ಮಾತ್ರ ಸಾಕ್ಷಿ. ಹದಿನೆಂಟು ತುಂಬದವರ ಮೇಲೆ ಇಂಥ ಸಣ್ಣ ವಿಷಯಕ್ಕೆ ಎಫ್‌ಐಆರ್ ಹಾಕುವಂತಿಲ್ಲ, ಬಾಲನ್ಯಾಯ ನಿಯಮದಲ್ಲೇ ಅದಿದೆ. ಆದರೆ ನಿಮ್ಮ ಓನರ್ ಆ ವಿಡಿಯೋವನ್ನು ಗ್ರೂಪಿಗೆ ಹಾಕಿದರೆ ತಡೆಯುವವರು ಯಾರು? ನಿಮ್ಮ ಫೋಟೋಗೆ ಏನಾಯಿತು ಎಂದು ನೀವೇ ಬರೆದಿದ್ದೀರಿ.

ಒಂದು ಪ್ರಶ್ನೆ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕಾರು ನಿಲ್ಲಿಸುವ ಮುಂಚೆ ಅಲ್ಲಿ ಏನಾದರೂ ನಡೆಯಿತಾ? ನೀವು ಸಾಲಿನ ಬಗ್ಗೆ ಬರೆದಿರಿ, ನಿಲ್ಲಿಸಿದ್ದರ ಬಗ್ಗೆ ಬರೆದಿರಿ. ನಡುವೆ ಏನೋ ಬಿಟ್ಟ ಹಾಗಿದೆ.

---

ಹಾಸನದ ಗುತ್ತಿಗೆದಾರ

ದೊಡ್ಡ ಕಾರು ಇದ್ದವರೆಲ್ಲ ಕೆಟ್ಟವರು ಎಂಬ ಹಾಗೆ ಚರ್ಚೆ ಹೋಗಬಾರದು ಎಂದು ಬರೆಯುತ್ತಿದ್ದೇನೆ. 2019ರಲ್ಲಿ ಸೆಕೆಂಡ್ ಹ್ಯಾಂಡ್ ಆಡಿ ತಗೊಂಡೆ. ಒಂದು ಹೊಸ ಕ್ರೆಟಾ ಬೆಲೆಗೆ ಸಿಕ್ಕಿತು. ನೋಡಿದವರಿಗೆ ಅದು ಗೊತ್ತಾಗಲ್ಲ, ಮುಂದಿನ ನಾಲ್ಕು ಬಳೆ ಮಾತ್ರ ಕಾಣುತ್ತದೆ.

2020ರಲ್ಲಿ ನನ್ನ ಬಿಲ್‌ಗಳು ನಿಂತುಹೋದವು. ಕೆಲಸದವರಿಗೆ ಕೂಲಿ ಕೊಡಲು ತಡವಾಯಿತು. ಒಬ್ಬ ಗಾರೆ ಕೆಲಸದವರು ಮನೆ ಹತ್ತಿರ ಬಂದು ಕಾರಿನ ಪಕ್ಕವೇ ನಿಂತು ಕೇಳಿದರು, "ಇಷ್ಟು ದೊಡ್ಡ ಕಾರೈತೆ, ನಮ್ದು ಮೂರು ಸಾವ್ರ ಇಲ್ವಾ ಸಾಮಿ?" ನನಗೆ ಆಗ ಸಿಟ್ಟು ಬಂತು. ಸಾಲದ ಕಂತು, ಬಾಕಿ ಬಿಲ್ಲು ಎಲ್ಲ ವಿವರಿಸಲು ಹೊರಟೆ. ಅವರು ಕೇಳಿಸಿಕೊಂಡರು, ಆಮೇಲೆ ಮತ್ತೆ ಕಾರನ್ನೇ ನೋಡಿದರು. ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಆ ಆಡಿ ಮಾರಿ ಎಲ್ಲರ ಕೂಲಿ ಕೊಟ್ಟೆ, ನಷ್ಟಕ್ಕೇ ಮಾರಿದ್ದು. ಈಗ ಬೊಲೆರೋ ಇದೆ.

ಡ್ರೈವರ್ ತಮ್ಮನಿಗೆ ಹೇಳುವುದು: ನಿಮ್ಮ ಓನರ್ ಹತ್ತಿರ ನೇರವಾಗಿ ಮಾತಾಡಿ. 38,000 ಅವರಿಗೆ ಏನು, ನಿಮಗೆ ಏನು ಎಂದು ಲೆಕ್ಕ ಹೇಳಿ. ಕೇಳಿಸಿಕೊಳ್ಳುವವರೂ ಇರುತ್ತಾರೆ.

---

ಟೊರಿನೋದಲ್ಲಿದ್ದವನು

ನಾನು ಮೈಸೂರಿನವನು. 2009ರಿಂದ ಐದು ವರ್ಷ ಇಟಲಿಯ ಟೊರಿನೋದಲ್ಲಿ ಕೆಲಸ ಮಾಡಿದೆ, ಕಾರು ಕಾರ್ಖಾನೆಗಳ ಊರು. ಅಲ್ಲಿ ಕಂಡದ್ದು ಈ ಮಾತಿಗೆ ಹೊಂದುತ್ತದೆ.

2011ರ ಕೊನೆಯಲ್ಲಿ ಇಟಲಿ ಸಾಲದಲ್ಲಿ ಮುಳುಗುವ ಸ್ಥಿತಿಗೆ ಬಂದಿತ್ತು. ನವೆಂಬರ್‌ನಲ್ಲಿ ಸರ್ಕಾರ ಬದಲಾಗಿ ಮಾರಿಯೋ ಮೊಂಟಿ ಪ್ರಧಾನಿಯಾದರು. ಪಿಂಚಣಿ ವಯಸ್ಸು ಏರಿಸಿದರು, ಮನೆ ಮೇಲೆ ತೆರಿಗೆ ಹಾಕಿದರು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಹಿರಿಯರು ಇನ್ನೇನು ನಿವೃತ್ತಿ ಆಗಬೇಕಿತ್ತು, ಆಗಲಿಲ್ಲ. ಊಟದ ಹೊತ್ತಿನಲ್ಲಿ ಅವರು ಒಂದು ಮಾತೂ ಆಡದೆ ಕೂತಿರುತ್ತಿದ್ದರು.

ಆ ವರ್ಷ ಡಿಸೆಂಬರ್ 30ರಂದು ಕೊರ್ತಿನಾ ದಾಂಪೆತ್ಸೋ ಎಂಬ ಊರಿಗೆ ತೆರಿಗೆ ಇಲಾಖೆಯ 80 ಅಧಿಕಾರಿಗಳು ಇಳಿದರು. ಅದು ಶ್ರೀಮಂತರು ಹಿಮದಲ್ಲಿ ಜಾರಲು ಹೋಗುವ ಬೆಟ್ಟದ ಊರು. 251 ದುಬಾರಿ ಕಾರುಗಳ ಲೆಕ್ಕ ತೆಗೆದರು. ಅದರಲ್ಲಿ 133 ಕಾರು ವ್ಯಕ್ತಿಗಳ ಹೆಸರಲ್ಲಿದ್ದವು. ಆ ಪೈಕಿ 42 ಕಾರಿನವರು ತಮ್ಮ ವರ್ಷದ ಆದಾಯ ಬರೀ 30,000 ಯೂರೋ ಆಸುಪಾಸು ಎಂದು ತೋರಿಸಿದ್ದರು! ಉಳಿದವು ಕಂಪನಿಗಳ ಹೆಸರಿನಲ್ಲಿದ್ದವು, ಅದರಲ್ಲಿ ಕೆಲವು ಕಂಪನಿಗಳು ನಷ್ಟ ಎಂದೇ ಬರೆದುಕೊಟ್ಟಿದ್ದವು. ಮರುವಾರ ಕ್ಯಾಂಟೀನಿನಲ್ಲಿ ಎಲ್ಲರ ಬಾಯಲ್ಲೂ ಇದೇ ಮಾತು. ಆ ಹಿರಿಯರು ಮೊದಲ ಸಲ ಬಾಯಿ ಬಿಟ್ಟರು. "ನನ್ನ ಸಂಬಳದ ತೆರಿಗೆ ನನ್ನ ಕೈಗೆ ಬರುವ ಮುಂಚೆಯೇ ಹಿಡಿಯುತ್ತಾರೆ" ಎಂದರು.

185 ಕಿಲೋವಾಟ್ ದಾಟಿದ ಎಂಜಿನ್‌ಗೆ ಪ್ರತಿ ಹೆಚ್ಚುವರಿ ಕಿಲೋವಾಟ್‌ಗೆ ವರ್ಷಕ್ಕೆ 20 ಯೂರೋ ಎಂಬ ತೆರಿಗೆಯನ್ನೂ ತಂದರು. ಇದರಿಂದ ನ್ಯಾಯವಾಗಿ ತೆರಿಗೆ ಕಟ್ಟಿದವರಿಗೂ ಮುಜುಗರ ಆಯಿತು. ದೊಡ್ಡ ಕಾರು ಕಂಡರೆ ಪೊಲೀಸರು ಕೈ ಅಡ್ಡ ಹಾಕುವುದು, ಜನ ಕಳ್ಳನನ್ನು ನೋಡುವ ಹಾಗೆ ನೋಡುವುದು. ಆದರೂ ನನಗೆ ಅನಿಸಿದ್ದು, ಜನರ ಸಿಟ್ಟಿಗೆ ಒಂದು ದಾರಿ ಸಿಕ್ಕಿತು. ಕೀ ಹಿಡಿದು ಗೀರು ಹಾಕುವ ಬದಲು ಲೆಕ್ಕದ ಪುಸ್ತಕ ತೆರೆಸಿದರು.

ಅದೇ ವರ್ಷ ಬರ್ಲಿನ್‌ನಲ್ಲಿ ಆದದ್ದು ಬೇರೆ. ರಾತ್ರಿ ಹೊತ್ತು ಆಡಿ, ಬಿಎಂಡಬ್ಲ್ಯು, ಬೆಂಜ್‌ಗಳು ಸಾಲಾಗಿ ಸುಟ್ಟುಹೋದವು. ಇದು ರಾಜಕೀಯ ಗುಂಪುಗಳ ಕೆಲಸ ಎಂದು ಎಲ್ಲರೂ ಮಾತಾಡಿಕೊಂಡರು. ಅಕ್ಟೋಬರ್‌ನಲ್ಲಿ ಸಿಕ್ಕಿಬಿದ್ದವನು 27 ವರ್ಷದ ಒಬ್ಬ ನಿರುದ್ಯೋಗಿ. ಸಾಲ ಇತ್ತು, ಕೆಲಸ ಇರಲಿಲ್ಲ, ಹತಾಶೆಯಿಂದ ಮಾಡಿದೆ ಎಂದ. ನೂರರ ಹತ್ತಿರ ಕಾರು. ಏಳು ವರ್ಷ ಜೈಲು ಆಯಿತು. ಸುಟ್ಟ ಕಾರಿಗೆ ಇನ್ಶೂರೆನ್ಸ್ ಇದ್ದವರಿಗೆ ದುಡ್ಡು ಬಂದಿರಬೇಕು. ಇವನ ಏಳು ವರ್ಷ ಹೋಯಿತು.

ನಮ್ಮಲ್ಲೂ ಕೇಳಬೇಕಾದ ಲೆಕ್ಕ ಇದೆ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ಲೈಫ್ ಟೈಮ್ ಟ್ಯಾಕ್ಸ್ 18 ಪರ್ಸೆಂಟ್, ಸೆಸ್ ಸೇರಿದರೆ ಹತ್ತಿರ ಹತ್ತಿರ 20. ಅದನ್ನು ತಪ್ಪಿಸಲು ಪುದುಚೇರಿ ನಂಬರ್ ಹಾಕಿಸಿ ವರ್ಷಗಟ್ಟಲೆ ಬೆಂಗಳೂರಿನಲ್ಲೇ ಓಡಿಸುವವರಿದ್ದಾರೆ. 2021ರ ಆಗಸ್ಟ್‌ನಲ್ಲಿ ಸಾರಿಗೆ ಇಲಾಖೆ ಬೆಂಗಳೂರಿನಲ್ಲಿ ರೋಲ್ಸ್ ರಾಯ್ಸ್ ಸೇರಿ ಹಲವು ಕಾರು ಹಿಡಿದದ್ದು ನೆನಪಿರಬಹುದು. ಕಾರು ಕಂಡು ಸಿಟ್ಟು ಬಂದಾಗ ನಾನಂತೂ ನಂಬರ್ ಪ್ಲೇಟ್ ನೋಡುತ್ತೇನೆ. ಇದು ನಿಮ್ಮ 38,000ಕ್ಕೆ ಉತ್ತರ ಅಲ್ಲ, ಗೊತ್ತು. ಆ ಹುಡುಗಿಯ ವಿಡಿಯೋ ಕೊಡಬೇಡಿ.

---

ಪಾವಗಡದ ಡ್ರೈವರ್

ಎಲ್ಲರಿಗೂ ಥ್ಯಾಂಕ್ಸ್. ಟೀಚರಕ್ಕ, ನೀವು ಕೇಳಿದ್ದಕ್ಕೆ ಎರಡು ದಿನ ಉತ್ತರ ಬರೆಯಲು ಆಗಲಿಲ್ಲ. ಹೌದು, ಒಂದು ವಿಷಯ ಬಿಟ್ಟಿದ್ದೆ.

ನಾನು ಕಾರು ನಿಲ್ಲಿಸಿದ ಜಾಗದಲ್ಲಿ ಖಾಲಿ ಕ್ಯಾನ್‌ಗಳ ಸಾಲು ಇತ್ತು. ಮೇಡಂಗೆ ತಡ ಆಗುತ್ತಿತ್ತು. ಎರಡು ಮೂರು ಸಲ ಹಾರ್ನ್ ಹೊಡೆದೆ. ಕ್ಯಾನ್ ಇಟ್ಟವರು ಆಚೆ ನೆರಳಿನಲ್ಲಿ ನಿಂತಿದ್ದರು, ನಿಧಾನಕ್ಕೆ ಬಂದು ಒಂದೊಂದಾಗಿ ಸರಿಸುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಇಳಿದು ಎರಡು ಕ್ಯಾನ್ ಕೈಯಲ್ಲಿ ಎತ್ತಿ ಪಕ್ಕಕ್ಕೆ ಇಟ್ಟೆ. ಮೂರನೆಯದನ್ನು ಕಾಲಿನಲ್ಲಿ ತಳ್ಳಿದೆ. ಅದು ಉರುಳಿ ಮೋರಿ ಅಂಚಿಗೆ ಹೋಯಿತು. ಆ ಹುಡುಗಿ ಬಂದು ಎತ್ತಿಕೊಂಡಳು. ಒಂದು ಮಾತೂ ಆಡಲಿಲ್ಲ. ದುಪಟ್ಟಾದಲ್ಲಿ ಕ್ಯಾನಿನ ಬಾಯಿ ಒರೆಸಿದಳು. ನನ್ನನ್ನು ಒಂದು ಸಲ ನೋಡಿದಳು.

ನಮ್ಮೂರಲ್ಲಿ ನೀರಿನ ಬಿಂದಿಗೆಗೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ನನ್ನ ಅಮ್ಮ ಬೋರ್‌ವೆಲ್ ಮುಂದೆ ಹೀಗೇ ಸಾಲಿನಲ್ಲಿ ನಿಲ್ಲುತ್ತಾಳೆ. ಬಿಳಿ ಯೂನಿಫಾರಂ ಹಾಕಿಕೊಂಡು ಬೆಂಜಿನಿಂದ ಇಳಿದಾಗ ನನಗೆ ಅದು ನೆನಪಾಗಲಿಲ್ಲ. ಜನ ನನ್ನನ್ನು ಕಾರಿನ ಜೊತೆ ಸೇರಿಸಿ ಬೈಯುತ್ತಾರೆ ಎಂದು ಇಲ್ಲಿ ದೂರು ಹೇಳಿದೆ. ಅವತ್ತು ನಾನೇ ಕಾರಿನ ಜೊತೆ ಸೇರಿಕೊಂಡಿದ್ದೆ.

ಗೀರಿನ ಫೋಟೋ ಹಾಕಿದ್ದೇನೆ. ಮುಂದಿನ ಡೋರಿನಲ್ಲಿ ಉಗುರು ಸಿಕ್ಕುತ್ತದೆ. ಹಿಂದಿನದರಲ್ಲಿ ಸಿಕ್ಕುವುದಿಲ್ಲ.

---

ವಿಲ್ಸನ್ ಗಾರ್ಡನ್ ಟಿಂಕರ್

ಫೋಟೋ ನೋಡಿದೆ. ಹಿಂದಿನ ಡೋರು ಪಾಲಿಶ್‌ನಲ್ಲೇ ಹೋಗುತ್ತದೆ. ಮುಂದಿನ ಡೋರು ಒಂದೇ ಪೇಂಟ್ ಮಾಡಿದರೆ ಸಾಕು. ಬಣ್ಣದ ಕೋಡ್ ನೋಡಿ ಮಿಕ್ಸ್ ಮಾಡಿ, ಬೂತ್‌ನಲ್ಲಿ ಹೊಡೆಸಿ, ಎಲ್ಲ ಸೇರಿ 9,000ಕ್ಕೆ ಮಾಡಿಕೊಡುತ್ತೇನೆ. ಓನರ್‌ಗೆ ಒಪ್ಪಿಗೆ ಇದ್ದರೆ ತನ್ನಿ.

ಇನ್ನೊಂದು. ಬೇಕಂತ ಕೀಲಿ ಎಳೆದರೆ ಗೀರು ಒಂದೇ ಒತ್ತಡದಲ್ಲಿ ನೆಟ್ಟಗೆ ಇರುತ್ತದೆ. ಇದು ಶುರುವಿನಲ್ಲಿ ಆಳ ಇದೆ, ಆಮೇಲೆ ಮೇಲೆ ಕೆಳಗೆ ಆಡಿದೆ, ಕೊನೆಗೆ ತೇಲಿಹೋಗಿದೆ. ಭಾರ ಹೊತ್ತುಕೊಂಡು ಇಕ್ಕಟ್ಟಿನಲ್ಲಿ ಹೋಗುವಾಗ ಬಳೆಯೋ, ಬ್ಯಾಗಿನ ಕೊಂಡಿಯೋ ಉಜ್ಜಿದರೂ ಹೀಗೇ ಆಗುತ್ತದೆ. ಹೀಗೇ ಆಯಿತು ಎಂದು ಆಣೆ ಮಾಡಿ ಹೇಳಲಾರೆ. ಆದರೆ ಕೀಲಿ ಎಂದೂ ಹೇಳಲಾರೆ.

---

ಪಾವಗಡದ ಡ್ರೈವರ್ (ಎರಡು ವಾರದ ಮೇಲೆ)

ಏನಾಯಿತು ಎಂದು ತಿಳಿಸುವುದು ನನ್ನ ಕರ್ತವ್ಯ ಅನಿಸಿತು.

ಒಂದು ಭಾನುವಾರ ಬೆಳಿಗ್ಗೆ ಓನರ್ ಕಾಫಿ ಕುಡಿಯುವ ಹೊತ್ತಿಗೆ ಹೋಗಿ ಎಲ್ಲ ಹೇಳಿದೆ. ಹಾರ್ನ್ ಹೊಡೆದದ್ದು, ಕ್ಯಾನ್ ಕಾಲಿನಲ್ಲಿ ತಳ್ಳಿದ್ದು, ಟಿಂಕರಣ್ಣ ಹೇಳಿದ 9,000. ಹುಡುಗಿಯ ವಿಷಯ ಹೇಳಲಿಲ್ಲ. ಯಾರು ಮಾಡಿದ್ದು ಎಂದು ಕ್ಯಾಮೆರಾದಲ್ಲಿ ಗೊತ್ತಾಗುವುದಿಲ್ಲ ಎಂದೆ. ಅದು ಸುಳ್ಳಲ್ಲ. ಓನರ್ ಮೊದಲು ಬೈದರು. "ಕಾಲಲ್ಲಿ ತಳ್ಳಿದ್ಯಾ? ನನ್ನ ಕಾರ್ ಹತ್ರ ನಿಂತ್ಕೊಂಡು?" ಎಂದರು. ಆಗ ಮೇಡಂ ಒಳಗಿನಿಂದ ಬಂದು, "ಅವನನ್ನ ಬೈಬೇಡಿ. ಬೇಗ ಬೇಗ ಅಂತ ಹಿಂದಿನ ಸೀಟಲ್ಲಿ ಕೂತು ಅವಸರ ಮಾಡಿದ್ದು ನಾನೇ. ನಾನೂ ನೋಡ್ತಾನೇ ಇದ್ದೆ" ಎಂದರು. ಓನರ್ ಆಮೇಲೆ ಮಾತಾಡಲಿಲ್ಲ.

ಕಾರನ್ನು ವಿಲ್ಸನ್ ಗಾರ್ಡನ್‌ಗೆ ಒಯ್ದೆ. ಕೆಲಸ ಚೆನ್ನಾಗಿ ಆಗಿದೆ, ಗೀರು ಎಲ್ಲಿತ್ತು ಎಂದು ಹುಡುಕಿದರೂ ಸಿಗುವುದಿಲ್ಲ. ದುಡ್ಡು ಓನರ್ ಕೊಟ್ಟರು. ಈ ತಿಂಗಳ ಸಂಬಳ ಪೂರ್ತಿ ಬಂತು. ಇನ್ನು ಕಾರು ದಿನಾ ಒರೆಸುವುದು ಬೇಡ, ವಾರಕ್ಕೆ ಎರಡು ಸಲ ಸಾಕು ಎಂದು ಮೇಡಂ ಹೇಳಿದ್ದಾರೆ. ರೆಕಾರ್ಡಿಂಗ್‌ನ 15 ದಿನ ಮುಗಿಯಿತು.

ಮೊನ್ನೆ ರಜೆ ಇತ್ತು. ಬಸ್ಸಿನಲ್ಲಿ ಆ ರಸ್ತೆಗೆ ಹೋದೆ. ಹುಡುಗಿ ಸಿಕ್ಕಿದರೆ ತಪ್ಪಾಯಿತು ಎಂದು ಹೇಳೋಣ ಅಂತ. ಅವಳು ಇರಲಿಲ್ಲ. ಯಾರನ್ನು ಏನೆಂದು ಕೇಳುವುದು ಎಂದು ತಿಳಿಯಲಿಲ್ಲ. ಘಟಕದಲ್ಲಿ ಕರೆಂಟ್ ಇರಲಿಲ್ಲ, ಸಾಲು ಹಾಗೇ ನಿಂತಿತ್ತು. ಹೋಗೋಣ ಎಂದು ತಿರುಗಿದೆ. ವಯಸ್ಸಾದ ಒಬ್ಬ ಅಮ್ಮ ನನ್ನನ್ನೇ ನೋಡುತ್ತಿದ್ದರು. "ನೀನು ಆವತ್ತು ಕಪ್ಪು ಕಾರಲ್ಲಿ ಬಂದಿದ್ದೆ ಅಲ್ವಾ?" ಎಂದರು. ಹೌದಮ್ಮ ಎಂದೆ. ಅವರು ಇನ್ನೇನೂ ಕೇಳಲಿಲ್ಲ. "ರೇಷನ್ ಅಂಗಡಿ ಬಾಗಿಲು ಹಾಕ್ತಾರಪ್ಪ, ಹೋಗಿ ಬರ್ತೀನಿ, ನನ್ನ ಕ್ಯಾನ್ ಸ್ವಲ್ಪ ನೋಡ್ಕೊ" ಎಂದು ಹೇಳಿ ಹೊರಟರು. ಮುಂದಿನ ಕ್ಯಾನ್ ಸರಿದಾಗ ಅವರದ್ದನ್ನೂ ಎರಡೂ ಕೈಯಲ್ಲಿ ಎತ್ತಿ ಮುಂದಕ್ಕೆ ಇಟ್ಟೆ. ಅವರು ಬರುವ ತನಕ ಮುಕ್ಕಾಲು ಗಂಟೆ ಅಲ್ಲೇ ನಿಂತಿದ್ದೆ.